ಗಂಜಾಮಿನ ಚಿಕ್ಕ ಚರ್ಚು

ಕೇಳುಗರೆಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣವನ್ನು ಒಮ್ಮೆಯೂ ನೋಡದವರು ನಮ್ಮ ಕಡೆ ಕಡಿಮೆ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸತರಲ್ಲೋ, ಮನೆಯ ಹಿರಿಯರ ಅಸ್ಥಿ ಬಿಡಲು ಸಂಗಮಕ್ಕೋ ಹೋಗಿಯೇ ಇರುತ್ತೇವೆ. ರಂಗನಾಥನ ಗುಡಿ, ಮಸೀದಿಯ ಜೋಡಿ ಮಿನಾರುಗಳು, ದರಿಯಾ ದೌಲತ್ತಿನ ಗೋಡೆಯ ಚಿತ್ರಗಳು, ಗುಂಬಜ್, ಕೊನೆಗೆ ನಿಮಿಷಾಂಬೆಯ ದರ್ಶನ. ಅಲ್ಲಿಗೆ ಸಂಜೆಯಾಗುತ್ತದೆ, ಬಸ್ಸು ಊರ ಕಡೆ ತಿರುಗುತ್ತದೆ. ಅದೇ ನಡುಗಡ್ಡೆಯ ಗಂಜಾಮಿನಲ್ಲಿ ಒಂದು ಚಿಕ್ಕ ಚರ್ಚು ಇದೆ. ಅದರ ಮುಂದೆ ಪ್ರವಾಸಿ ಬಸ್ಸು ನಿಲ್ಲುವುದು ಅಪರೂಪ. ಅಬ್ಬೆ ದುಬಾಯ್ ಚರ್ಚು ಎಂದು ಅದಕ್ಕೆ ಹೆಸರು. ಕಟ್ಟಿದ್ದು 1800ರ ಸುಮಾರಿಗೆ.

ನಾನು ಅದನ್ನು ಮೊದಲು ನೋಡಿದ್ದು ಹದಿಹರೆಯದಲ್ಲಿ, ಸೈಕಲ್ಲಿನಲ್ಲಿ ಹೋದಾಗ. ಬಾಗಿಲು ಹಾಕಿತ್ತು. ಕ್ರೈಸ್ತರ ಮನೆಯಲ್ಲಿ ಹುಟ್ಟಿ ಬೆಳೆದವನಾದರೂ ನನಗೆ ಆ ಚರ್ಚಿನ ವಿಷಯ ಏನೇನೂ ತಿಳಿದಿರಲಿಲ್ಲ. ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಮುಗಿಲು ಮುಟ್ಟುವ ಗೋಪುರಗಳನ್ನು ನೋಡಿ ಬಂದಿದ್ದ ಕಣ್ಣಿಗೆ ಇದು ತೀರ ಸಣ್ಣದಾಗಿ ಕಂಡಿತು. ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಹೊರಟುಬಿಟ್ಟೆ. ಅಲ್ಲಿ ಕೂಡಿದ್ದವರು ಯಾರು, ಯಾವ ಸಂಕಟ ದಾಟಿ ಆ ಬಾಗಿಲಿಗೆ ಬಂದಿದ್ದರು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇವತ್ತು ಹೇಳಬೇಕೆಂದಿರುವುದು ಆ ಜನರ ವಿಷಯವನ್ನೇ.

ಕಥೆಯ ಮೊದಲು ಚರ್ಚಿಗಿಂತ ನೂರೈವತ್ತು ವರ್ಷ ಹಿಂದಿದೆ. 1649ರಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಗುರು, ಅಂದರೆ ಯೇಸುಸಭೆ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಂಘದವನು, ಗೋವೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಬಂದ. ಆಗ ಪಟ್ಟದಲ್ಲಿದ್ದವನು ಕಂಠೀರವ ನರಸರಾಜ ಒಡೆಯರು, ಕಂಠೀರಾಯಿ ಹಣವನ್ನು ಟಂಕಿಸಿದ ಅರಸರು. ಚಿನ್ನಾಮಿ ಈ ನೆಲದ ಸನ್ಯಾಸಿಯ ಉಡುಗೆ ತೊಟ್ಟ, ಕನ್ನಡ ಕಲಿತ, ಕನ್ನಡಕ್ಕೆ ವ್ಯಾಕರಣ ಬರೆದ, ಧರ್ಮೋಪದೇಶದ ಪುಸ್ತಕವನ್ನೂ ಬರೆದ. ಬಂದವನು ಮೊದಲು ಮಾಡಿದ ಕೆಲಸ ನಮ್ಮ ಭಾಷೆ ಕಲಿಯುವುದು ಎಂಬುದನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಶ್ರೀರಂಗಪಟ್ಟಣದಲ್ಲಿ, ಹತ್ತಿರದ ಪಾಲಹಳ್ಳಿಯಲ್ಲಿ, ಹೀಗೆ ಅಲ್ಲೊಂದು ಇಲ್ಲೊಂದು ಕಡೆ ಸಣ್ಣ ಸಣ್ಣ ಕ್ರೈಸ್ತ ಕೇರಿಗಳು ಹುಟ್ಟಿಕೊಂಡವು. ರೈತರು, ಕೂಲಿಗಳು, ನೇಕಾರರು, ಸಿಪಾಯಿಗಳು. ಇವರ ಪ್ರಾರ್ಥನೆ ಕನ್ನಡದಲ್ಲಿ, ಕೆಲವು ಕಡೆ ತಮಿಳಿನಲ್ಲಿ. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ ಮಾತ್ರ ಲ್ಯಾಟಿನ್ನಿನಲ್ಲಿ.

ಆಮೇಲೆ ಗುರುಗಳೇ ಇಲ್ಲದ ಕಾಲ ಬಂತು. 1759ರಲ್ಲಿ ಪೋರ್ಚುಗಲ್ಲು ತನ್ನ ಆಳ್ವಿಕೆಯ ನಾಡುಗಳಿಂದ ಜೆಸ್ವಿಟರನ್ನು ಹೊರಗಟ್ಟಿತು. 1773ರಲ್ಲಿ ಪೋಪರೇ ಆ ಸಭೆಯನ್ನು ವಿಸರ್ಜಿಸಿದರು. ಯೂರೋಪಿನ ಅರಮನೆಗಳಲ್ಲಿ ನಡೆದ ರಾಜಕೀಯಕ್ಕೆ ಕಾವೇರಿ ದಂಡೆಯ ರೈತ ತೆತ್ತ ಬೆಲೆ ಅದು. ಮಗು ಹುಟ್ಟಿದರೆ ಅದನ್ನು ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನಕ್ಕೆ ಗುರುವಿಲ್ಲ, ಸಾಯುವವನ ಪಾಪನಿವೇದನೆ ಕೇಳಲು ಗುರುವಿಲ್ಲ. ಇಂಥ ಕಾಲದಲ್ಲಿ ಧರ್ಮವನ್ನು ಹಿಡಿದು ನಿಲ್ಲಿಸುತ್ತಿದ್ದವನು ಉಪದೇಶಿ. ಅವನು ಹಳ್ಳಿಯವನೇ, ಓದು ಬರಹ ಅಲ್ಪಸ್ವಲ್ಪ ಬಲ್ಲವನು. ಮಕ್ಕಳಿಗೆ ಮಂತ್ರ ಕಲಿಸುವವನು, ಮಣಿ ಎಣಿಸುತ್ತ ಜಪಸರ ಹೇಳಿಸುವವನು, ಹೆಣ ಮಣ್ಣಿಗಿಡುವಾಗ ಪ್ರಾರ್ಥನೆ ಹೇಳುವವನು. ಚರ್ಚುಗಳ ಗೋಡೆಗಳ ಮೇಲೆ ಬಿಷಪ್ಪರ, ಗುರುಗಳ ಹೆಸರಿನ ಕಲ್ಲುಗಳಿರುತ್ತವೆ. ಉಪದೇಶಿಗಳ ಹೆಸರಿನ ಕಲ್ಲನ್ನು ನಾನು ನೋಡಿದ್ದು ಬಹಳ ಕಡಿಮೆ. ಇದು ನನಗೆ ನೋವಿನ ಸಂಗತಿ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು 1784. ಈ ಭಾಗವನ್ನು ಹೇಳುವಾಗ ಗಂಟಲು ಸ್ವಲ್ಪ ಬಿಗಿಯುತ್ತದೆ. ಎರಡನೆಯ ಮೈಸೂರು ಯುದ್ಧ ಮುಗಿಯುತ್ತಿತ್ತು. ಮಂಗಳೂರು ಕರಾವಳಿಯ ಕೊಂಕಣಿ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಿಟ್ಟು ಟಿಪ್ಪು ಸುಲ್ತಾನನಿಗೆ. ಆ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಅವರನ್ನು ಊರೂರಿನಿಂದ ಎಬ್ಬಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದರು. ಮುದುಕರು, ಬಸುರಿಯರು, ಕಂಕುಳ ಕೂಸುಗಳು ಎಲ್ಲರೂ. ಎಷ್ಟು ಜನ ಎಂಬುದರಲ್ಲಿ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಅರುವತ್ತು ಸಾವಿರ ಎಂಬ ಮಾತು ಹಲವು ಕಡೆ ಬರುತ್ತದೆ. ದಾರಿಯಲ್ಲಿ ಸತ್ತವರು ಸತ್ತರು. ಉಳಿದವರನ್ನು ಬಲವಂತದಿಂದ ಮತಾಂತರಿಸಿದರು. ಗಂಡಸರನ್ನು ಸೇನೆಯ ತುಕಡಿಗಳಿಗೆ ಸೇರಿಸಿದರು. ಹದಿನೈದು ವರ್ಷ ಹೀಗೆ ಕಳೆಯಿತು. ಮಾತುಬಾರದ ಕೂಸಾಗಿ ಬಂದವರು ಪ್ರಾಯಕ್ಕೆ ಬಂದಿದ್ದರು. ಹುಟ್ಟಿದ ಊರು ಅವರಿಗೆ ಅಪ್ಪ ಅಮ್ಮನ ಬಾಯಲ್ಲಿ ಕೇಳಿದ ಒಂದು ಹೆಸರು ಮಾತ್ರ.

ಈ ಇತಿಹಾಸವನ್ನು ಇಂದು ಯಾರ ಮೇಲಾದರೂ ಎಸೆಯುವ ಕಲ್ಲಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ನಡೆದದ್ದನ್ನು ಮುಚ್ಚಿಡುವುದನ್ನೂ ಒಪ್ಪುವುದಿಲ್ಲ. ನಡೆದಿತ್ತು. ಅದಕ್ಕೆ ಸಿಕ್ಕಿದವರು ನಡೆದಾಡಿದ ನೆಲದ ಮೇಲೆಯೇ ನಾನು ಅಂದು ಸೈಕಲ್ಲು ನಿಲ್ಲಿಸಿದ್ದೆ.

1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನ ಮಡಿದ. ರಾಜಧಾನಿ ಮೈಸೂರಿಗೆ ಹೋಯಿತು. ಶ್ರೀರಂಗಪಟ್ಟಣ ಹೇಗೆ ಬರಿದಾಯಿತು ಎಂಬುದಕ್ಕೆ ಮರುವರ್ಷ ಬಂದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ಲೆಕ್ಕ ನೋಡಬೇಕು. ಟಿಪ್ಪುವಿನ ಕಾಲದಲ್ಲಿ ಆ ನಡುಗಡ್ಡೆಯಲ್ಲಿ 1,50,000 ಜನರಿದ್ದರೆಂದು ಅಂದಾಜು. 1800ರಲ್ಲಿ ಕೋಟೆಯೊಳಗೆ 4,163 ಮನೆ, ಗಂಜಾಮಿನಲ್ಲಿ 2,216 ಮನೆ. ಮನೆಗೆ ಐದು ಜನರಂತೆ ಹಿಡಿದು ಬುಕಾನನ್ ಲೆಕ್ಕ ಹಾಕಿದ್ದು ಒಟ್ಟು 31,895. ಗಂಜಾಂ ಎಂಬ ಈ ಪೇಟೆ ಟಿಪ್ಪು ಎಬ್ಬಿಸಿದ್ದು. ನೇಕಾರರನ್ನೂ ಕಸುಬುದಾರರನ್ನೂ ಶಿರಾ ಕಡೆಯಿಂದ ಕರೆತಂದು ಅಲ್ಲಿ ನೆಲೆಗೊಳಿಸಿದ್ದ. ಅಂದರೆ ಗಂಜಾಮಿಗೆ ಬೇರೆ ಊರಿನಿಂದ ಕಿತ್ತು ತಂದವರು ಹೊಸಬರೇನಲ್ಲ. ಅರ್ಧ ಪಾಳುಬಿದ್ದ, ಬೇರು ಕಿತ್ತವರೇ ತುಂಬಿದ್ದ ಆ ಪೇಟೆಯಲ್ಲಿ ಒಬ್ಬ ಫ್ರೆಂಚ್ ಗುರು ಬಂದು ನೆಲೆ ನಿಂತ.

ಅವನೇ ಝಾನ್ ಆಂತ್ವಾನ್ ದುಬಾಯ್. ಅಬ್ಬೆ ಎಂದರೆ ಫ್ರೆಂಚಿನಲ್ಲಿ ಪಾದ್ರಿಗಳನ್ನು ಕರೆಯುವ ಗೌರವದ ಮಾತು. ದುಬಾಯ್ ಎಂಬುದನ್ನು ಅವರ ನಾಡಿನಲ್ಲಿ ದ್ಯುಬ್ವಾ ಎನ್ನುತ್ತಾರೆ. ನಮ್ಮ ಕಡೆ ದುಬಾಯ್ ಎಂದೇ ರೂಢಿ, ನಾನೂ ಹಾಗೇ ಕರೆಯುತ್ತೇನೆ. ಹುಟ್ಟಿದ್ದು 1765ರಲ್ಲಿ, ಫ್ರಾನ್ಸಿನ ತೆಂಕಣ ಭಾಗದ ಒಂದು ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆ, ಅದೇ ವರ್ಷ ಇಂಡಿಯಾಕ್ಕೆ ಪಯಣ. ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿತ್ತು, ಪಾದ್ರಿಗಳ ತಲೆ ಉರುಳುತ್ತಿತ್ತು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ದುಡಿದ. ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಲ್ಲಿನ ಸೇನಾಧಿಕಾರಿಯಾಗಿದ್ದ ಕರ್ನಲ್ ವೆಲ್ಲೆಸ್ಲಿಯ ಸೂಚನೆಯಂತೆ ಇಲ್ಲಿಗೆ ಬಂದ. ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವುದು ಅವನಿಗೆ ಒಪ್ಪಿಸಿದ ಕೆಲಸ.

ನಿಲುವಂಗಿ, ತಲೆಗೆ ರುಮಾಲು, ಕೈಯಲ್ಲಿ ಬಿದಿರಿನ ಕೋಲು. ಮಾಂಸ ಮುಟ್ಟುತ್ತಿರಲಿಲ್ಲ. ಜನ ಅವನನ್ನು ದೊಡ್ಡಸ್ವಾಮಿಗಳು ಎಂದು ಕರೆದರು. ಇನ್ನು ಮುಂದೆ ನಾನೂ ಬಹುವಚನದಲ್ಲೇ ಹೇಳುತ್ತೇನೆ. ನಮ್ಮ ಹಿರಿಯರು ಕೊಟ್ಟ ಹೆಸರಿಗೆ ಏಕವಚನ ಒಪ್ಪುವುದಿಲ್ಲ.

ದೊಡ್ಡಸ್ವಾಮಿಗಳ ಬಾಗಿಲಿಗೆ ಯಾರು ಬಂದರು? ಅವರೇ ಬರೆದಿದ್ದಾರೆ. ಸೆರೆಯಲ್ಲಿದ್ದವರು, ಮತ ಬದಲಿಸಿಕೊಳ್ಳಬೇಕಾಗಿ ಬಂದವರು, ಟಿಪ್ಪು ಸತ್ತ ಮೇಲೆ ಒಬ್ಬೊಬ್ಬರಾಗಿ ಹಿಂದಿರುಗಿದರು. ನಾವು ತೊರೆದದ್ದು ಹೊರಗಿನಿಂದ ಮಾತ್ರ, ಮನಸ್ಸಿನೊಳಗೆ ಬಿಟ್ಟಿರಲಿಲ್ಲ ಎಂದು ಹೇಳಿಕೊಂಡರು. ಸುಮಾರು ಇಪ್ಪತ್ತು ಸಾವಿರ ಮಂದಿ ಮಂಗಳೂರು ಸೀಮೆಗೆ ಮರಳಿ ಹೋಗಿ ತಮ್ಮ ಚರ್ಚುಗಳನ್ನು ಮತ್ತೆ ಕಟ್ಟಿದರು. ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೇ ಬಂದರು ಎನ್ನುತ್ತಾರೆ ದುಬಾಯ್.

ಎರಡು ಸಾವಿರ ಮಂದಿ. ಬಾನುಲಿಯಲ್ಲಿ ಕೇಳುವಾಗ ಅಂಕಿ ಬೇಗ ದಾಟಿಹೋಗುತ್ತದೆ. ಒಬ್ಬೊಬ್ಬರೂ ಬಂದು ನಿಂತದ್ದನ್ನು ನೆನೆದುಕೊಳ್ಳಿ. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬದುಕಿದವನು ತನ್ನ ಹಳೆಯ ಹೆಸರು ಹೇಳಬೇಕು. ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಮರೆತ ಮಂತ್ರವನ್ನು ನಡುನಡುವೆ ತಡವರಿಸುತ್ತ ಹೇಳಬೇಕು. ಎದುರಿಗೆ ಕೂತಿರುವ ಗುರು ಪರದೇಶದವರು. ಏನೆನ್ನುತ್ತಾರೋ, ಬೈಯುತ್ತಾರೋ, ಬಾಗಿಲು ಹಾಕುತ್ತಾರೋ ಎಂಬ ಅಳುಕು. ಗಂಜಾಮಿನ ಚರ್ಚು ನನ್ನ ಮಟ್ಟಿಗೆ ಹಿಂದಿರುಗಿ ಬಂದವರು ತಲೆ ತಗ್ಗಿಸಿ ನಿಂತ ಜಾಗ. ಅದನ್ನು ಗುರುವಿನ ಹೆಸರಿನಿಂದ ಕರೆಯುತ್ತೇವೆ, ಕರೆಯೋಣ. ಆದರೆ ಅದು ಬೇಕಾಗಿದ್ದದ್ದು ಅವರಿಗೆ.

ಹಿಂದಿರುಗಿದವರನ್ನು ದುಬಾಯ್ ಮರಳಿ ಸೇರಿಸಿಕೊಂಡರು. ಆದರೆ ದುಬಾಯ್ ಅವರಲ್ಲೊಂದು ಕಾಠಿಣ್ಯವೂ ಇತ್ತು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ, ಇಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಧೈರ್ಯವಾಗಿ ಎದೆಕೊಟ್ಟು ಧರ್ಮಕ್ಕಾಗಿ ಪ್ರಾಣ ಬಿಡಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಬರೆದರು. ಆ ಸಾಲುಗಳನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗಲೂ ಪೂರ್ತಿ ಇಳಿದಿಲ್ಲ. ತಾಯ್ನಾಡಿನ ಕತ್ತಿಯಿಂದ ತಾವೇ ಪಾರಾಗಿ ಬಂದವರು, ಕೂಸು ಕಂಕುಳಲ್ಲಿಟ್ಟುಕೊಂಡ ತಾಯಿ ಯಾಕೆ ಸಾಯಲಿಲ್ಲ ಎಂದು ಕೇಳಬಾರದಿತ್ತು. ಬದುಕಿ ಉಳಿದು, ನೆನಪನ್ನು ಒಳಗೇ ಕಾಪಾಡಿಕೊಂಡು, ಕಾಲ ಬಂದಾಗ ನಡೆದು ಬಂದ ಆ ಎರಡು ಸಾವಿರ ಮಂದಿಯ ಧೈರ್ಯವೂ ಧೈರ್ಯವೇ.

ಅದೇ ದುಬಾಯ್ ಮಾಡಿದ ಇನ್ನೊಂದು ಕೆಲಸಕ್ಕೆ ಮಾತ್ರ ನನ್ನ ಕೈ ತಾನಾಗಿ ಮುಗಿಯುತ್ತದೆ. ಅದು ಸಿಡುಬಿನ ಕಾಲ. ಅಮ್ಮ ಬಂದಿದೆ ಎಂದು ಬೇವಿನ ಸೊಪ್ಪು ಕಟ್ಟುವುದು, ಬಾಗಿಲ ಹೊರಗೆ ಹರಕೆ ಹೊರುವುದು, ಆಮೇಲೆ ಗುಂಡಿ ತೋಡುವುದು. ಇಂಗ್ಲೆಂಡಿನಲ್ಲಿ ಜೆನ್ನರ್ ಕಂಡುಹಿಡಿದ ಹಸುವಿನ ಸಿಡುಬಿನ ಲಸಿಕೆ ಬೊಂಬಾಯಿಗೆ ಬಂದಿಳಿದದ್ದು 1802ರಲ್ಲಿ. ಇಂದಿನಂತೆ ಶೀಷೆ, ಶೀತಲ ಪೆಟ್ಟಿಗೆ ಯಾವುದೂ ಇಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟು ದಿನದ ಒಳಹೊರಗೆ ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಲಸಿಕೆ ನಡೆಯಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ ಎಲ್ಲ ಮುಗಿಯಿತು. ಅಪರಿಚಿತರ ಮಗುವಿನ ರಸವನ್ನು ತನ್ನ ಮಗುವಿಗೆ ಹಾಕಿಸಲು ಯಾವ ತಾಯಿ ತಾನೇ ಒಪ್ಪುತ್ತಾಳೆ? ಜಾತಿ ಬೇರೆ, ದೈವದ ಭಯ ಬೇರೆ. ದುಬಾಯ್ ಹಳ್ಳಿ ಹಳ್ಳಿ ತಿರುಗಿ ಒಪ್ಪಿಸಿದರು. 1803 ಮತ್ತು 1804ರಲ್ಲಿ ಅವರ ಮುಂದಾಳತ್ವದಲ್ಲಿ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಆ ಸುಮಾರಿನಲ್ಲೇ ಮೈಸೂರು ಅರಮನೆಯವರೂ ಲಸಿಕೆಗೆ ಮುಂದಾದದ್ದು ಜನರ ಅಂಜಿಕೆಯನ್ನು ತಗ್ಗಿಸಿತು. ಕೊನೆಯ ಎರಡು ಅಂಕಿಗಳನ್ನೂ ಬಿಡದೆ ಬರೆದಿಟ್ಟ ಆ ಲೆಕ್ಕ ನನಗೆ ಬಹಳ ಇಷ್ಟ. ಮೂವತ್ತೆರಡು ಜನರನ್ನು ಕೈಬಿಟ್ಟು ಇಪ್ಪತ್ತೈದು ಸಾವಿರದ ನಾನೂರು ಎಂದಿದ್ದರೂ ನಡೆಯುತ್ತಿತ್ತು.

ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟದ್ದೂ ಅವರೇ. ಹೊಲ ಇದ್ದರೆ ಮನೆ, ಮನೆ ಇದ್ದರೆ ಚರ್ಚು ಎಂಬುದು ಅವರ ಲೆಕ್ಕಾಚಾರ.

ಹೊರಗಿನ ಪ್ರಪಂಚ ದುಬಾಯ್ ಅವರನ್ನು ಅರಿತದ್ದು ಗಂಜಾಮಿನಿಂದಲೂ ಅಲ್ಲ, ಲಸಿಕೆಯಿಂದಲೂ ಅಲ್ಲ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಬಂದ ದೊಡ್ಡ ಗ್ರಂಥದಿಂದ. ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಮಾರ್ಕ್ ವಿಲ್ಕ್ಸ್ ಮದರಾಸಿಗೆ ಕಳುಹಿಸಿದರು. ಈಸ್ಟ್ ಇಂಡಿಯಾ ಕಂಪನಿ 2,000 ನಕ್ಷತ್ರ ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಮುಂಚೆ ಪಾಂಡಿಚೇರಿಯಲ್ಲಿದ್ದ ಕೂರ್ಡೂ ಎಂಬ ಜೆಸ್ವಿಟ್ ಗುರುವಿನ ಬರಹದಿಂದ ಎತ್ತಿಕೊಂಡದ್ದು ಎಂದು ಕಳೆದ ಶತಮಾನದ ಕೊನೆಯಲ್ಲಿ ಸಿಲ್ವಿಯಾ ಮರ್ ಎಂಬ ಫ್ರೆಂಚ್ ವಿದ್ವಾಂಸೆ ತೋರಿಸಿಕೊಟ್ಟರು. ಆ ಗ್ರಂಥದಲ್ಲಿ ನಮ್ಮ ಜನರ ಬಗ್ಗೆ ತಿರಸ್ಕಾರದ ಮಾತುಗಳೂ ಇವೆ. ನನಗೆ ಅದಕ್ಕಿಂತ ಹತ್ತಿರವಾದದ್ದು ಅವರು ಪ್ಯಾರಿಸ್ಸಿಗೆ ಹೋದ ಮೇಲೆ 1826ರಲ್ಲಿ ಪ್ರಕಟಿಸಿದ ಪಂಚತಂತ್ರದ ಫ್ರೆಂಚ್ ಅನುವಾದ. ಅದಕ್ಕೆ ಅವರು ಮುಂದಿಟ್ಟುಕೊಂಡ ಪ್ರತಿಗಳಲ್ಲಿ ತಮಿಳು, ತೆಲುಗಿನ ಜೊತೆಗೆ ಕನ್ನಡದ್ದೂ ಒಂದು. ನಮ್ಮ ನರಿ, ಮೊಸಳೆ, ಕಪಿಗಳು ಕಾವೇರಿಯ ನಡುಗಡ್ಡೆಯಿಂದ ಪ್ಯಾರಿಸ್ಸಿನವರೆಗೆ ನಡೆದುಹೋದವು.

ಇತ್ತ ಶ್ರೀರಂಗಪಟ್ಟಣದಲ್ಲಿ ಚಳಿಜ್ವರ. ನಡುಗಡ್ಡೆಯ ಜೌಗು, ಸೊಳ್ಳೆ. ಬಿಳಿಯ ಸಿಪಾಯಿಗಳು ಸಾಲುಸಾಲಾಗಿ ಸತ್ತರು. ಕೋಟೆಯ ಹೊರಗಿನ ಅವರ ಗೋರಿಗಳನ್ನು ನೀವು ನೋಡಿರಬಹುದು. 1809ರಿಂದೀಚೆಗೆ ದಂಡು ಬೆಂಗಳೂರಿಗೆ ಹೊರಟಿತು. ದಂಡಿನ ಬೆನ್ನಿಗೆ ಅದನ್ನು ನಂಬಿ ಬದುಕುತ್ತಿದ್ದ ಅಡುಗೆಯವರು, ದರ್ಜಿಗಳು, ಕುದುರೆ ನೋಡಿಕೊಳ್ಳುವವರು, ಕೂಲಿಗಳು ಎಲ್ಲ ಹೊರಟರು. ಅವರಲ್ಲಿ ಎಷ್ಟೋ ಮಂದಿ ಕ್ರೈಸ್ತರು. ಇವತ್ತು ಶಿವಾಜಿನಗರದಲ್ಲಿ ಲಕ್ಷಾಂತರ ಜನ ಸೇರುವ ಸಂತ ಮೇರಿಯವರ ಬೆಸಿಲಿಕದ ಜಾಗದಲ್ಲಿ ಮೊದಲಿಗೆ 1818ರಲ್ಲಿ ಒಂದು ಹುಲ್ಲುಮಾಡಿನ ಪ್ರಾರ್ಥನಾಲಯ ಕಟ್ಟಿಸಿದವರೂ ದುಬಾಯ್ ಎಂದೇ ಹೇಳಿಕೆ. ಬೆಂಗಳೂರು ಬೆಳೆಯಿತು, ಗಂಜಾಂ ಕುಗ್ಗಿತು. ಚರ್ಚು ಚಿಕ್ಕದಾಗಿಯೇ ಉಳಿದದ್ದಕ್ಕೆ ಕಾರಣ ಇದು. ದೊಡ್ಡದು ಮಾಡಲು ಜನವೇ ಇರಲಿಲ್ಲ.

ದುಬಾಯ್ ಅವರಿಗೂ ಮನಸ್ಸು ಕುಗ್ಗಿತ್ತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಈ ಸ್ಥಿತಿಯಲ್ಲಿ ಮನುಷ್ಯಮಾತ್ರದವರಿಂದ ಆಗದ ಕೆಲಸ ಎಂದು ಬರೆದು, ಬೇರೆ ಮಿಷನರಿಗಳ ಕೋಪಕ್ಕೆ ಗುರಿಯಾದರು. 1823ರ ಜನವರಿ 15ರಂದು ಅವರು ಇಂಡಿಯಾ ಬಿಟ್ಟರು. ಮೂವತ್ತು ವರ್ಷ ಈ ನೆಲದಲ್ಲಿ ಕಳೆದಿದ್ದರು. ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ 1848ರಲ್ಲಿ ತೀರಿಕೊಂಡರು.

ತಮ್ಮ ಜೀವಮಾನದ ದುಡಿಮೆ ವ್ಯರ್ಥವಾಯಿತೆಂದು ಅವರು ನಂಬಿ ಹೋದರು. ಗಂಜಾಮಿನವರು ಹಾಗೆ ತಿಳಿಯಲಿಲ್ಲ. ಮುಂದೆ 1850ರಲ್ಲಿ ಮೈಸೂರು ಸೀಮೆಯ ಕ್ರೈಸ್ತರ ಆಡಳಿತ ಪಾಂಡಿಚೇರಿಯಿಂದ ಬೇರೆಯಾಯಿತು. ಬಿಷಪ್ ಶಾರ್ಬೊನೋ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಕನ್ನಡದ ಪ್ರಾರ್ಥನಾ ಪುಸ್ತಕಗಳು ಅಚ್ಚಾದವು. 1861ರಲ್ಲಿ ಲ್ಯಾಟಿನ್ ಕನ್ನಡ ನಿಘಂಟು ಬಂತು. ಆದರೂ ಬಲಿಪೂಜೆ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ನಮ್ಮ ಅಜ್ಜಿಗೆ ಆ ಲ್ಯಾಟಿನ್ ಮಂತ್ರಗಳು ಬಾಯಿಪಾಠ. ಅರ್ಥ ಕೇಳಿದರೆ, ದೇವರಿಗೆ ಗೊತ್ತಿದೆಯಲ್ಲ ಸಾಕು ಎನ್ನುತ್ತಿದ್ದರು. ಜಪಸರ ಮಾತ್ರ ಕನ್ನಡದಲ್ಲಿ, ಸಂಜೆ ದೀಪ ಹಚ್ಚಿದ ಮೇಲೆ, ಮನೆಮಂದಿಯೆಲ್ಲ ಗೋಡೆಗೆ ಒರಗಿ ಕೂತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆದ ಮೇಲೆ ಬಲಿಪೂಜೆಯೂ ಕನ್ನಡಕ್ಕೆ ಬಂತು. ಚಿನ್ನಾಮಿ ಕನ್ನಡ ವ್ಯಾಕರಣ ಬರೆದು ಮುನ್ನೂರು ವರ್ಷ ದಾಟಿತ್ತು. ಗುರುಗಳು ಮೊದಲ ಸಲ ಪೀಠದ ಹಿಂದೆ ಜನರ ಕಡೆ ಮುಖ ಮಾಡಿ ನಿಂತು ಕನ್ನಡದಲ್ಲಿ ಪ್ರಾರ್ಥನೆ ಶುರುಮಾಡಿದ ದಿನ ಅಜ್ಜಿ ಮೊದಲಿಂದ ಕೊನೆಯವರೆಗೂ ಅತ್ತರಂತೆ. ನಮ್ಮ ತಾಯಿ ಹೇಳುತ್ತಿದ್ದರು.

ವಿಭೂತಿ ಬುಧವಾರ ಎಂದು ಆಗಲೇ ಒಂದು ಮಾತು ಹೇಳಿದೆ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ ಅದು. ಬೂದಿಗೆ ನಾವು ಕನ್ನಡದ ಕ್ರೈಸ್ತರು ವಿಭೂತಿ ಎಂದೇ ಅನ್ನುತ್ತೇವೆ. ನೆರೆಮನೆಯ ಶಿವಭಕ್ತರ ಮಾತು ಅದು, ನಮ್ಮದೂ ಹೌದು. ಹಿಂದಿನ ವರ್ಷ ಈಸ್ಟರಿಗೆ ಮುಂಚಿನ ಭಾನುವಾರ ಬರುವ ಗರಿಗಳ ಹಬ್ಬದ ಗರಿಗಳನ್ನು ಸುಟ್ಟು ಆ ಬೂದಿ ಮಾಡುತ್ತಾರೆ. ಗುರುಗಳು ಹಣೆಗೆ ಶಿಲುಬೆಯ ಗುರುತು ಹಾಕಿ, ನೀನು ಮಣ್ಣು, ಮರಳಿ ಮಣ್ಣಿಗೆ ಸೇರುವೆ ಎನ್ನುತ್ತಾರೆ. ಕರಾವಳಿಯಿಂದ ನಡೆಸಿಕೊಂಡು ಬಂದವರು ಈ ದಿನದ ಆಸುಪಾಸಿನಲ್ಲೇ ಮನೆ ಬಿಟ್ಟದ್ದು. ಆ ಮೇಲಿನ ಹದಿನೈದು ವರ್ಷ ಅವರ ಹಣೆಗೆ ಯಾರೂ ಬೂದಿ ಹಚ್ಚಿರಲಿಕ್ಕಿಲ್ಲ. ಸುಲ್ತಾನ ಸತ್ತ ಮೇಲಿನ ಮೊದಲ ವಿಭೂತಿ ಬುಧವಾರ ಬಂದದ್ದು 1800ರಲ್ಲಿ.

ಕೆಲವು ವರ್ಷಗಳ ಹಿಂದೆ ಮತ್ತೆ ಗಂಜಾಮಿಗೆ ಹೋಗಿದ್ದೆ. ನಿಮಿಷಾಂಬೆಯ ಗುಡಿಯಿಂದ ಬರುತ್ತಿದ್ದ ಹೆಂಗಸರ ಹಣೆಯಲ್ಲಿ ಕುಂಕುಮ, ಕೈಯಲ್ಲಿ ನಿಂಬೆಹಣ್ಣು. ಅವರಲ್ಲೊಬ್ಬರನ್ನು ಚರ್ಚಿನ ದಾರಿ ಕೇಳಿದೆ. ಸ್ವಲ್ಪ ಯೋಚಿಸಿ, ಅದೇ, ಆ ಹಳೇ ಸ್ವಾಮಿಗಳ ಚರ್ಚಾ ಎಂದು ಕೇಳಿ, ನಿಂಬೆಹಣ್ಣಿದ್ದ ಕೈಯನ್ನೇ ಎತ್ತಿ ದಾರಿ ತೋರಿಸಿದರು.

ನಮಸ್ಕಾರ.